ಏಳನೇ ಪಂಜರದ ಚಕ್ರ

ಮನುಷ್ಯನ ಪ್ರಾಣಕ್ಕೂ ಒಂದು ಇಲಿಯ ಪ್ರಾಣಕ್ಕೂ ನಂಟಿದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ನಾನು ಓದಿದ್ದು ವಿಜ್ಞಾನ. ಅಮ್ಮ ದೃಷ್ಟಿ ತೆಗೆದರೆ ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಾ ಬೈಯುತ್ತಿದ್ದವಳು. ಹಾಗಾಗಿ ಇದನ್ನು ಬರೆಯಲು ನಾಚಿಕೆಯೂ ಇದೆ. ನೀವು ನಂಬಲೇಬೇಕೆಂದು ಕೇಳುವುದಿಲ್ಲ.

ಆಗ ನಾನು ಮಲ್ಲೇಶ್ವರದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಹಸಿವು ಮಿದುಳನ್ನು ಹೇಗೆ ಬದಲಿಸುತ್ತದೆ ಎಂಬುದು ನಮ್ಮ ಮೇಡಂ ಅವರ ಅಧ್ಯಯನ. ಬಿಳಿ ಇಲಿಗಳು, ಒಂದೊಂದಕ್ಕೆ ಒಂದೊಂದು ಪಂಜರ, ಪ್ರತಿ ಪಂಜರದಲ್ಲೂ ಓಡಲು ಒಂದು ಚಕ್ರ. ಮಧ್ಯಾಹ್ನ ಎರಡಕ್ಕೆ ಆಹಾರ ಇಡುವುದು, ಮೂರಕ್ಕೆ ತೆಗೆಯುವುದು ನನ್ನ ಕೆಲಸ. ಕೆಲವೇ ದಿನಗಳಲ್ಲಿ ಅವಕ್ಕೆ ಹೊತ್ತು ಗೊತ್ತಾಗಿಬಿಡುತ್ತಿತ್ತು. ಗಂಟೆ ಹನ್ನೆರಡಾದರೆ ಸಾಕು, ಎಲ್ಲವೂ ಚಕ್ರ ಹತ್ತಿ ಓಡತೊಡಗುತ್ತಿದ್ದವು. ಹಸಿದಷ್ಟೂ ಓಟ ಹೆಚ್ಚು. ಏಳನೇ ಪಂಜರದ ಇಲಿಯಂತೂ ಆಹಾರ ಇಟ್ಟರೂ ಮೂಸಿ ನೋಡಿ ಮತ್ತೆ ಚಕ್ರಕ್ಕೇ ಹೋಗುತ್ತಿತ್ತು. ಚಕ್ರವಿಲ್ಲದಿದ್ದರೆ ಇಂಥ ಇಲಿ ತಿಂದು ಬದುಕುತ್ತದೆ. ಇದ್ದರೆ ಓಡಿ ಓಡಿ ಸಾಯುತ್ತದೆ.

ಮನೆಯಲ್ಲಿ ನನ್ನ ತಂಗಿ ವಿದ್ಯಾ ಹೆಚ್ಚುಕಮ್ಮಿ ಅದನ್ನೇ ಮಾಡುತ್ತಿದ್ದಳು. ಇಪ್ಪತ್ತೊಂದು ವರ್ಷ. ಮೊದಲು ರಾತ್ರಿ ಊಟ ಬಿಟ್ಟಳು, ಆಮೇಲೆ ಬೆಳಗಿನ ತಿಂಡಿ, ಕೊನೆಗೆ ಕಾಲೇಜು. ಚಾಮರಾಜಪೇಟೆಯ ನಮ್ಮ ಮನೆಯ ಟೆರೇಸಿನ ಮೇಲೆ ಬಿಸಿಲಲ್ಲಿ ಒಂದೇ ಸಮನೆ ನಡೆಯುವಳು. ಡಾಕ್ಟರು, ಕೌನ್ಸೆಲಿಂಗು, ಔಷಧಿ ಎಲ್ಲ ಆಯಿತು. ತಟ್ಟೆ ಮುಂದಿಟ್ಟರೆ "ಆಮೇಲೆ ತಿಂತೀನಮ್ಮ" ಎಂದು ಮೆಟ್ಟಿಲು ಹತ್ತುವಳು. ಕೈ ಹಿಡಿದು ಕೂರಿಸಿದರೆ ಕೂತಲ್ಲೇ ಕಾಲು ಅಲ್ಲಾಡುತ್ತಿತ್ತು. ಇಲಿಗಳ ವಿಷಯ ಮಾತ್ರ ಮನೆಯಲ್ಲಿ ನಾನು ಎಂದೂ ಎತ್ತಲಿಲ್ಲ. ಎತ್ತಲು ಬಾಯಿ ಬರುತ್ತಿರಲಿಲ್ಲ.

ಒಂದು ಗುರುವಾರ ಏಳನೇ ಇಲಿಯ ತೂಕ ತೀರಾ ಇಳಿಯಿತು. ಹಾಗಾದಾಗ ಚಕ್ರ ತೆಗೆದು ದಿನವಿಡೀ ಆಹಾರ ಇಡಬೇಕೆಂದು ನಿಯಮ. ಹನ್ನೆರಡೂವರೆಗೆ ಚಕ್ರ ಬಿಚ್ಚಿದೆ. ಇಲಿ ಪಂಜರವನ್ನೆಲ್ಲ ಸುತ್ತಿ, ಮೂಲೆಯಲ್ಲಿ ಕೂತು, ತಿನ್ನತೊಡಗಿತು.

ಹತ್ತು ನಿಮಿಷವಾಗಿರಬಹುದು, ಅಮ್ಮನ ಫೋನು. ಅಳುತ್ತಿದ್ದಳು.

"ವಿದ್ಯಾ ತಿಂತಿದಾಳೆ ಕಣೇ! ತಾನೇ ಕೆಳಗೆ ಬಂದ್ಲು, ಅನ್ನ ಹಾಕು ಅಂದ್ಲು."

"ಇನ್ನೇನಾದ್ರೂ ಅಂದ್ಲಾಮ್ಮ?"

"ಅಕ್ಕ ತೆಗೆದ್ಬಿಟ್ಳು, ಇನ್ನು ಓಡಕ್ಕಾಗಲ್ಲ ಅಂದ್ಲು. ಏನೇ ತೆಗೆದೆ ನೀನು?"

ಆಮೇಲೆ ಮಾಡ್ತೀನಮ್ಮ ಎಂದು ಫೋನಿಟ್ಟೆ. ವಿದ್ಯಾ ಟೆರೇಸಿನಲ್ಲಿ ನಡೆಯುತ್ತಿದ್ದಳೇ ಹೊರತು ಒಂದು ದಿನವೂ ಓಡಿದವಳಲ್ಲ.

ಸಂಜೆ ಮನೆಗೆ ಹೋಗಿ ಅವಳನ್ನೇ ಕೇಳಿದೆ. "ನಾನು ಹಾಗಂದ್ನಾ? ನೆನಪಿಲ್ಲ ಅಕ್ಕ. ಕಾಲು ನಿಂತ್ಹೋಯ್ತು, ಹಸಿವಾಯ್ತು, ಅಷ್ಟೆ" ಎಂದಳು. ಕಾಕತಾಳೀಯ ಎಂದುಕೊಂಡೆ. ಶುಕ್ರವಾರ, ಶನಿವಾರ, ಭಾನುವಾರ ಅವಳು ಮೂರು ಹೊತ್ತೂ ಉಂಡಳು. ಏಳನೇ ಇಲಿಯೂ ಮೈ ತುಂಬಿಕೊಳ್ಳುತ್ತಿತ್ತು.

ಸೋಮವಾರ ಬೆಳಿಗ್ಗೆ ಮೇಡಂ, "ಏಳನ್ನ ಇವತ್ತೇ ಮುಗಿಸೋಣ, ಅದರ ಮಿದುಳು ಬೇಕು" ಎಂದರು. ಕೊನೆಗೆ ಎಲ್ಲ ಇಲಿಗಳ ಗತಿಯೂ ಅದೇ. ಕೊಂದು, ಮಿದುಳನ್ನು ತೆಳ್ಳಗೆ ಸೀಳಿ ಪರೀಕ್ಷಿಸುತ್ತಾರೆ. ಎಷ್ಟೋ ಇಲಿಗಳನ್ನು ನಾನೇ ತಂದುಕೊಟ್ಟಿದ್ದೆ. ಅಂದು ಮಾತ್ರ ಪಂಜರದ ಮುಂದೆಯೇ ನಿಂತೆ.

"ಮೇಡಂ, ಇದನ್ನ ಇನ್ನೊಂದು ವಾರ ಇಟ್ಕೋಬೋದಾ?"

"ಯಾಕೆ? ಏನ್ ಕಾರಣ?"

ಏನೆಂದು ಹೇಳಲಿ? ಅವರು ನಕ್ಕಾರು ಎಂಬ ಭಯವೇನೂ ಇರಲಿಲ್ಲ. ಕಾರಣ ಹೇಳಿದರೆ ನಾನೇ ಅದನ್ನು ನಂಬಿದಂತಾಗುತ್ತಿತ್ತು, ಅದು ನನ್ನಿಂದಾಗಲಿಲ್ಲ. "ಏನಿಲ್ಲ ಮೇಡಂ" ಎಂದೆ. ಇಲಿಯನ್ನು ಎತ್ತಿ ಕೊಟ್ಟೆ. ಗಡಿಯಾರದಲ್ಲಿ ಹನ್ನೊಂದಾಗುತ್ತಿತ್ತು. ಅಂಗೈಯಲ್ಲಿ ಬೆಚ್ಚಗೆ, ಗುಂಡಗೆ ಇತ್ತು.

ಮನೆಗೆ ಬಂದಾಗ ವಿದ್ಯಾ ಟೆರೇಸಿನ ಮೇಲಿದ್ದಳು. ಹನ್ನೊಂದು ಗಂಟೆಗೆ ತಿಂಡಿ ತಟ್ಟೆ ಬಿಟ್ಟು ಎದ್ದುಹೋದವಳು ಇಳಿದೇ ಇಲ್ಲ ಎಂದು ಅಮ್ಮ ಹೇಳಿದಳು. ನಾನು ಅಡ್ಡ ನಿಂತೆ. ನನ್ನ ಪಕ್ಕದಿಂದ ಸುತ್ತಿಕೊಂಡು ನಡೆದಳು. ತಬ್ಬಿ ಹಿಡಿದೆ, ಮೂಳೆಯಲ್ಲದೆ ಇನ್ನೇನೂ ಸಿಗದ ಆ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಬಿಡಿಸಿಕೊಂಡಳು.

ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಅವಳ ಹೃದಯ ನಿಂತಿತು. ಅಷ್ಟು ಬಳಲಿದ ದೇಹಕ್ಕೆ ಹಾಗಾಗುವುದುಂಟು ಎಂದರು ಡಾಕ್ಟರು. ಮೂರು ದಿನ ಚೇತರಿಸಿಕೊಂಡು ಮತ್ತೆ ಜಾರುವುದೂ ಆ ಕಾಯಿಲೆಯಲ್ಲಿ ಹೊಸದಲ್ಲವಂತೆ. ಇದೆಲ್ಲ ನನಗೂ ಅರ್ಥವಾಗುತ್ತದೆ. ಅವಳ ಆ ಒಂದು ಮಾತು ಮಾತ್ರ ಎಷ್ಟು ವರ್ಷವಾದರೂ ಯಾವ ಲೆಕ್ಕಕ್ಕೂ ಸಿಕ್ಕಿಲ್ಲ. ಆ ಕೆಲಸ ಬಿಟ್ಟೆ.

ಅಮ್ಮ ಈಗಲೂ ಕೆಲವೊಮ್ಮೆ ಊಟಕ್ಕೆ ಬಡಿಸುತ್ತ ತಟ್ಟನೆ ನಿಂತುಬಿಡುತ್ತಾಳೆ. "ಆವತ್ತು ನೀನು ಏನೋ ತೆಗೆದ್ಯಲ್ಲ, ಏನದು? ಅದನ್ನೇ ಇನ್ನೊಂದ್ಸಲ ತೆಗೆದಿದ್ರೆ ಉಳೀತಿದ್ಲೇನೋ."

ಗೊತ್ತಿಲ್ಲಮ್ಮ ಎನ್ನುತ್ತೇನೆ.