ಕರಡಿಗೆ ಒತ್ತಿದ ಜಾಗ

ದೇವನೂರಿನ ಪುಟ್ಟಬಸಮ್ಮನವರನ್ನು ನೋಡಬೇಕೆಂದರೆ ಬೆಳಿಗ್ಗೆ ನಂಜನಗೂಡಿನ ಬಜಾರಿಗೆ ಹೋಗಬೇಕು. ದಂಟು, ಮೆಂತ್ಯ, ಸಬ್ಬಸಿಗೆ ಹರಡಿಕೊಂಡು, ಚೌಕಾಸಿಗೆ ಬಂದವರನ್ನು ಮಾತಿನಲ್ಲೇ ಮಣಿಸುತ್ತಾ ಕೂತಿರುತ್ತಾರೆ. ಯಾರಾದರೂ ಕೊರೋನಾವನ್ನು ಬೈದರೆ, "ಬುಡಿ ಸಾ, ನನ್ನ ಉಳ್ಸಿದ್ದೇ ಅದು" ಎನ್ನುತ್ತಾರೆ. ಮನೆಯವರನ್ನು ಕಳೆದುಕೊಂಡವರ ಮುಂದೆ ಮಾತ್ರ ಈ ಮಾತು ಅವರ ಬಾಯಿಂದ ಬರುವುದಿಲ್ಲ.

ಟಿ. ನರಸೀಪುರದ ತವರಿನಲ್ಲಿ, ಚಿಕ್ಕ ಹುಡುಗಿಯಾಗಿದ್ದಾಗಲೇ ಅವರಿಗೆ ಇಷ್ಟಲಿಂಗ ಕಟ್ಟಿದ್ದರು. ಅಂದಿನಿಂದ ಲಿಂಗವಿರುವ ಬೆಳ್ಳಿಯ ಕರಡಿಗೆ ಅವರ ಮೈ ಬಿಟ್ಟಿದ್ದಿಲ್ಲ. ಗದ್ದೆಯಲ್ಲಿ ಬಗ್ಗಿದರೂ ಬಸ್ಸಿನಲ್ಲಿ ನುಗ್ಗಿದರೂ ಅದು ಎಡಗಡೆಗೆ ಜೋತು ಎದೆಗೆ ಒತ್ತಿಕೊಂಡೇ ಇರುತ್ತಿತ್ತು. ಆ ಜಾಗದಲ್ಲಿ ಒಂದು ದಿನ ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಕುಡುಗೋಲು ಹಿಡಿದ ಅಂಗೈ ಜಡ್ಡುಗಟ್ಟುವುದಿಲ್ಲವೇ, ಹಾಗೇ ಕರಡಿಗೆ ಒತ್ತಿ ಒತ್ತಿ ಆಗಿದೆ ಎಂದುಕೊಂಡರು. ಶಿವನೇ ಗುರುತು ಇಟ್ಟಿದ್ದಾನೆ ಎಂಬ ಹೆಮ್ಮೆಯೂ ಒಳಗೊಳಗೆ ಇತ್ತೆನ್ನಿ. ಗಂಡ ಬೆಟ್ಟಸ್ವಾಮಿಗೂ ಹೇಳಲಿಲ್ಲ.

ಎರಡನೆಯ ಅಲೆಯಲ್ಲಿ ಊರಿಗೆ ಊರೇ ಕೆಮ್ಮತೊಡಗಿತು. ಪುಟ್ಟಬಸಮ್ಮನವರಿಗೂ ಜ್ವರ ಹತ್ತಿ, ಉಸಿರಾಟ ಕಷ್ಟವಾಯಿತು. ಸೊಸೆ ಚೈತ್ರ ಆಸ್ಪತ್ರೆಗೆ ಕರೆದೊಯ್ದಳು. ಎದೆಯ ಸ್ಕ್ಯಾನ್ ಆಗಬೇಕು ಎಂದರು. ಸ್ಕ್ಯಾನ್ ಕೋಣೆಯ ಹುಡುಗಿ, "ಬೆಳ್ಳಿ ಎಲ್ಲ ತೆಗೀಬೇಕಮ್ಮ" ಎಂದಳು. ಅಲ್ಲಿಯವರೆಗೆ ಮಾತಾಡಲು ಉಸಿರಿಲ್ಲದೆ ಒದ್ದಾಡುತ್ತಿದ್ದವರಿಗೆ ಜಗಳಕ್ಕೆ ಎಲ್ಲಿಂದ ಉಸಿರು ಬಂತೋ!

"ಜೀವ ಓದ್ರೂ ಓಗ್ಲಿ, ಇದ್ನ ಮಾತ್ರ ಬುಡಾಕಿಲ್ಲ!"

ಚೈತ್ರ ಜಾಣೆ. "ಅತ್ತೆ, ಬೆಳ್ಳಿ ನನ್ಗೆ ಕೊಡಿ. ಲಿಂಗ ನಿಮ್ಮತ್ರಾನೇ ಇರ್ಲಿ" ಎಂದು ಕರಡಿಗೆ ಬಿಚ್ಚಿ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಅತ್ತೆಯ ಕೈಗಿಟ್ಟಳು. ಪುಟ್ಟಬಸಮ್ಮ ಮುಷ್ಟಿ ಬಿಗಿಹಿಡಿದು, ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಮಲಗಿದರು.

ಶ್ವಾಸಕೋಶಕ್ಕೆ ತಗುಲಿದ್ದು ಸ್ವಲ್ಪವೇ. ಆದರೆ ಸ್ಕ್ಯಾನ್ ನೋಡುತ್ತಿದ್ದ ಡಾಕ್ಟರಮ್ಮನ ಕಣ್ಣು ಬೇರೆ ಕಡೆ ನಿಂತಿತು.

"ಎಡಗಡೆ ಎದೇಲಿ ಏನಮ್ಮ ಗಂಟು?"

"ಅದಾ? ಕರಡ್ಗೆ ಒತ್ತಿ ಆಗಿರೋದು ಕನವ್ವ. ಒಸಿ ವರ್ಷ ಆಯ್ತು."

"ಒತ್ತಿದ್ರೆ ಮೇಲಿನ ಚರ್ಮ ಗಟ್ಟಿಯಾಗುತ್ತೆ. ಇದು ಒಳಗಿದೆ" ಎಂದು ಅವರು ಮುಂದಿನ ಪರೀಕ್ಷೆ ಬರೆದುಕೊಟ್ಟರು. ಸೂಜಿ ಚುಚ್ಚಿ ನೋಡಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು.

ಟಿ. ನರಸೀಪುರದಿಂದ ತಂಗಿ ಚಿಕ್ಕಬಸಮ್ಮ ಫೋನಿನಲ್ಲೇ ಅತ್ತಳು. "ಕೊರೋನಾನೇ ತಂದಾಕಿರೋದು ಕನಕ್ಕ ಇದ್ನ!" ಊರಿನವರೂ ಅದನ್ನೇ ಅಂದರು. ಚೈತ್ರ ಡಾಕ್ಟರಮ್ಮನನ್ನೇ ಕೇಳಿದಳು. ಅವರು ಅಲ್ಲವೆಂದು ತಲೆಯಾಡಿಸಿದರು. "ಮೊನ್ನೆ ಬಂದ ಜ್ವರ ಇಂಥ ಗಂಟು ಮಾಡಲ್ಲ. ಇದು ಮೊದಲೇ ಇತ್ತು, ಈಗ ಸ್ಕ್ಯಾನ್ ಮಾಡಿಸಿದ್ದಕ್ಕೆ ಕಣ್ಣಿಗೆ ಬಿತ್ತು. ಬೇರೆ ಕಡೆ ಹಬ್ಬಿಲ್ಲ. ಕೊರೋನಾದ ಸುಸ್ತು ಕಳೀಲಿ, ಆಮೇಲೆ ಆಪರೇಷನ್ ಮಾಡೋಣ."

ಆ ಕಾಯುವ ದಿನಗಳೇ ಕಷ್ಟ. ಪುಟ್ಟಬಸಮ್ಮನವರಿಗೆ ಸಾವಿನ ಭಯ ಹಿಡಿಯಿತು, ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬೆಳಗಿನ ಪೂಜೆಯಲ್ಲಿ ಅಂಗೈಯ ಲಿಂಗವನ್ನೇ ತರಾಟೆಗೆ ತೆಗೆದುಕೊಂಡರು.

"ಗುರ್ತು ಇಕ್ಕಿದ್ದೀಯ ಅಂತ ಮೆರೀತಿದ್ನಲ್ಲಪ್ಪ. ಒಂದ್ ಮಾತು ಏಳಬಾರ್ದಿತ್ತಾ?"

ಜಗಲಿಯಲ್ಲಿದ್ದ ಬೆಟ್ಟಸ್ವಾಮಿಗೆ ಅದು ಕೇಳಿಸಿತು. "ಅವ್ನು ಏಳ್ದ ಕನಮ್ಮಿ. ಕೈಗೆ ಸಿಕ್ಕಂಗೇ ಮಡಗಿದ್ದ. ನನ್ಗೆ ಏಳ್ದೇ ಇದ್ದೋಳು ನೀನು" ಎಂದು ಟವೆಲಿನಿಂದ ಮುಖ ಒರೆಸಿಕೊಂಡರು. ಮದುವೆಯಾದಾಗಿನಿಂದ ಗಂಡ ಅತ್ತದ್ದನ್ನು ಪುಟ್ಟಬಸಮ್ಮ ಕಂಡಿರಲಿಲ್ಲ.

ಆಪರೇಷನ್ನಿನ ದಿನ ಜಗಳವೇ ಆಗಲಿಲ್ಲ. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಬಲತೋಳಿಗೆ ಕಟ್ಟಲು ಡಾಕ್ಟರಮ್ಮ ಒಪ್ಪಿದರು. ಎಡಗಡೆಯ ಎದೆ ಹೋಯಿತು. ಔಷಧಿಗೆ ಕೂದಲೂ ಹೋಗಿ ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ. "ಸೊಸೆಗಿಂತ ನನ್ ಕೂದ್ಲೇ ಚೆಂದ" ಎಂದು ಕನ್ನಡಿಯ ಮುಂದೆ ನಿಂತು ಬೀಗಿದರು. ಕರಡಿಗೆ ಈಗ ಮೊದಲಿನಂತೆ ಕೂರುವುದಿಲ್ಲ, ಪಕ್ಕೆಯ ಮೂಳೆಗೆ ತಾಗುತ್ತದೆ. ಬೆಟ್ಟಸ್ವಾಮಿ ದಾರ ಸಣ್ಣದು ಮಾಡಿಕೊಟ್ಟಿದ್ದಾರೆ. ವರ್ಷಕ್ಕೊಮ್ಮೆ ತೋರಿಸಿಕೊಂಡು ಬಂದು, ಎಲ್ಲ ಸರಿಯಿದೆ ಎಂದ ದಿನ ಮನೆಯಲ್ಲಿ ಹೋಳಿಗೆ.

ಸೊಪ್ಪು ಕೊಳ್ಳಲು ಬರುವ, ಕರಡಿಗೆ ಕಟ್ಟಿದ ಹೆಂಗಸರಿಗೆ ಅವರ ಉಪದೇಶ ತಪ್ಪಿದ್ದಲ್ಲ. "ಕರಡ್ಗೆ ಎತ್ತಿ ಒಂದ್ಸಲ ಮುಟ್ಟಿ ನೋಡ್ಕೊಳವ್ವ" ಎನ್ನುತ್ತಾರೆ, ಕೊತ್ತಂಬರಿ ಕೊಸರು ಹಾಕುತ್ತಾ. ಕೆಲವರು ನಾಚುತ್ತಾರೆ, ಕೆಲವರು ನಗುತ್ತಾರೆ.

ಮೊನ್ನೆ ತಾಂಡವಪುರದ ರುದ್ರಮ್ಮ ನಗುತ್ತಲೇ ಸೊಪ್ಪು ತೆಗೆದುಕೊಂಡು ಹೊರಟವಳು, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದಳು. ದನಿ ತಗ್ಗಿಸಿ, "ನನ್ಗೂ ಒಂದದೆ ಕನಕ್ಕ. ಅದು ಕರಡ್ಗೆ ಒತ್ತಿ ಆಗಿರೋದು" ಎಂದಳು.

ಪುಟ್ಟಬಸಮ್ಮ ಗಿರಾಕಿಗಳು ನಿಂತಿದ್ದಂತೆಯೇ ಎದ್ದು, ಸೊಪ್ಪಿನ ಮೇಲೆ ಒದ್ದೆ ಗೋಣಿ ಎಳೆದು ಮುಚ್ಚಿ, ರುದ್ರಮ್ಮನ ಕೈ ಹಿಡಿದರು.

"ನಡಿ ತಾಯಿ. ನಾನೂ ಬತ್ತೀನಿ."