ಗಟ್ಟಿಯಾಗಿ ಮಾಡಿದ ಪ್ರಾರ್ಥನೆ

ಮೂವತ್ತೊಂದು ವರ್ಷ ನರ್ಸ್ ಆಗಿದ್ದೆ. ಯಾರಿಗೆ ಯಾವ ಕಾಯಿಲೆ, ಯಾರನ್ನು ನೋಡಲು ಯಾರು ಬರಲಿಲ್ಲ, ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನಿವೃತ್ತಳಾದೆ. ಒಂದು ಮಾತೂ ವಾರ್ಡಿನ ಬಾಗಿಲು ದಾಟಲಿಲ್ಲ. ಅಂಥವಳು ಗೆಳತಿಯ ಗುಟ್ಟು ರಟ್ಟು ಮಾಡಿದೆ. ಅದೂ ಕಣ್ಣು ಮುಚ್ಚಿ, ಕೈ ಜೋಡಿಸಿ, ದೇವರ ಮುಂದೆ.

ಪುಣೆಯಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಭೆ. ಗದಗ, ಹುಬ್ಬಳ್ಳಿ ಕಡೆಯಿಂದ ಬಂದ ನಲವತ್ತು ಮನೆ ಇರಬಹುದು. ಸ್ವಂತ ಚರ್ಚಿಲ್ಲ. ಮರಾಠಿಯವರ ಆರಾಧನೆ ಮುಗಿದ ಮೇಲೆ ಅವರ ಬೆಂಚುಗಳ ಬಿಸಿ ಆರುವ ಮೊದಲೇ ನಾವು ಹೋಗಿ ಕೂರುತ್ತೇವೆ. ಆ ಗೆಳತಿಯೂ ನಾನೂ ಇಪ್ಪತ್ತು ವರ್ಷ ಒಂದೇ ಬೆಂಚು. ನನಗಿಂತ ಚಿಕ್ಕವಳು, ಅಕ್ಕಾ ಎನ್ನುತ್ತಿದ್ದಳು. ಒಂದು ಡಿಸೆಂಬರಿನಲ್ಲಿ ವಾಕಡದ ಅವಳ ಅಡುಗೆಮನೆಯಲ್ಲಿ ಇಬ್ಬರೂ ಕ್ರಿಸ್‌ಮಸ್ಸಿನ ಕರ್ಚಿಕಾಯಿಗೆ ಅಂಚು ಕಟ್ಟುತ್ತಿದ್ದಾಗ ತನ್ನ ಮಗಳ ವಿಷಯ ಹೇಳಿದಳು. ಹೇಳಿ, “ಇದು ನಿನ್ನ ಹೊಟ್ಟ್ಯಾಗ ಇರ್ಲಿ ಅಕ್ಕಾ” ಎಂದಳು. ವಿಷಯ ಏನೆಂದು ನೀವು ಕೇಳಬೇಡಿ. ಒಮ್ಮೆ ಹೇಳಿ ಕೆಟ್ಟಿದ್ದೇನೆ.

ನಮ್ಮಲ್ಲಿ ಬುಧವಾರ ಹೆಂಗಸರ ಮನೆಪ್ರಾರ್ಥನೆ. ಸುತ್ತ ಕೂತು ಒಬ್ಬೊಬ್ಬರೇ ಗಟ್ಟಿಯಾಗಿ ಪ್ರಾರ್ಥಿಸಬೇಕು. ಅದರಲ್ಲೊಂದು ಕಳ್ಳದಾರಿ ಇದೆ. ನಮ್ಮವರಿಗೆಲ್ಲ ಗೊತ್ತು, ಯಾರೂ ಒಪ್ಪುವುದಿಲ್ಲ. ಇನ್ನೊಬ್ಬರ ಮನೆಯ ಮಾತು ಆಡಿದರೆ ಪಾಪ. ಅದನ್ನೇ “ಕರ್ತನೇ, ಇಂಥ ಸಹೋದರಿಯ ಮನೆಯನ್ನು ನೆನಪು ಮಾಡಿಕೋ” ಎಂದು ಶುರು ಮಾಡಿದರೆ ಭಕ್ತಿ. ಜನವರಿಯ ಒಂದು ಬುಧವಾರ ನನ್ನ ಸರದಿ ಬಂತು. ಅವಳು ಅಂದು ಬಂದಿರಲಿಲ್ಲ. ಚೆನ್ನಾಗಿ ಪ್ರಾರ್ಥಿಸುತ್ತಾಳೆ ಎಂಬ ಹೆಸರು ನನಗಿತ್ತು. ಮಗಳ ವಿಷಯವನ್ನು ಒಂದೂ ಬಿಡದೆ ದೇವರಿಗೆ ಬಿಡಿಸಿ ಹೇಳಿದೆ, ಅವನಿಗೆ ಗೊತ್ತೇ ಇರಲಿಲ್ಲ ಎಂಬಂತೆ. ನಡುವೆ ಕೋಣೆ ತೀರ ಸುಮ್ಮನಾಯಿತು. ಎಲ್ಲರೂ ಉಸಿರು ಹಿಡಿದು ಕೇಳುತ್ತಿದ್ದಾರೆಂದು ನನಗೆ ತಿಳಿಯಿತು. ತಿಳಿದೂ ನಿಲ್ಲಿಸಲಿಲ್ಲ. ಬಾಯಿ ಜಾರಿತು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಅವರೆಲ್ಲ ಹಾಗೆ ಕಿವಿಗೊಟ್ಟು ಕೇಳುವುದು ನನಗೆ ಹಿತವಾಗಿತ್ತು.

ಭಾನುವಾರದೊಳಗೆ ಮಾತು ಇಡೀ ಸಭೆ ಸುತ್ತಿತು. ಅವಳು ಫೋನ್ ಮಾಡಿದಳು. “ನೀ ಹೇಳಿದ್ಯೇನು?” ಎಂದಳು. “ಹೂಂ” ಎಂದೆ. ಫೋನ್ ಇಟ್ಟುಬಿಟ್ಟಳು. ಮಗಳು ಚರ್ಚಿಗೆ ಬರುವುದನ್ನು ಬಿಟ್ಟಳು, ಮಗಳಿಗಾಗಿ ತಾಯಿಯೂ ಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವ್ವ ಹೇಳುತ್ತಿದ್ದಳು. ಆ ಬೆಂಚಿನ ಮೇಲೆ ನಾನೊಬ್ಬಳೇ ಕೂತೆ.

ಸಭೆಯವರು ನನ್ನನ್ನು ಕ್ಷಮಿಸಲು ಎಷ್ಟು ಅವಸರಪಟ್ಟರೆಂದರೆ ನನಗೆ ಮೈಯೆಲ್ಲ ಉರಿಯಿತು. “ಪ್ರಾರ್ಥನಾ ಮಾಡೀರಿ, ಚಾಡಿ ಹೇಳಿಲ್ಲಲ್ರಿ ಸಿಸ್ಟರ್” ಎಂದು ಒಬ್ಬರು ಬೆನ್ನು ಸವರಿದರು. “ಯೇಸುಸ್ವಾಮಿ ಆಗ್ಲೇ ಕ್ಷಮಿಸ್ಯಾರ, ನೀವ್ಯಾಕ ಭಾಳ ಹಚ್ಕೋತೀರಿ?” ಎಂದರು ಇನ್ನೊಬ್ಬರು. ಕ್ಷಮಿಸದೆ ಅವರೇನು ಮಾಡಿಯಾರು, ಕೇಳಿದ ಕಿವಿಗಳೆಲ್ಲ ಅವರವೇ. ನನ್ನದು ತಪ್ಪೆಂದರೆ ಅವರದೂ ತಪ್ಪೇ.

ತಿಂಗಳ ಮೊದಲ ಭಾನುವಾರ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನ. ನಮ್ಮ ಸಾಲಿನವರು ಎದ್ದು ರೊಟ್ಟಿ ತೆಗೆದುಕೊಳ್ಳಲು ಹೊರಟಾಗ ನಾನು ಮೊಣಕಾಲು ಪಕ್ಕಕ್ಕೆ ತಿರುಗಿಸಿ ದಾರಿ ಬಿಟ್ಟೆ. ಏಳಲಿಲ್ಲ. ಮುಂದಿನ ತಿಂಗಳೂ ಏಳಲಿಲ್ಲ. ಮೂರನೆಯ ತಿಂಗಳು ಪಾಸ್ಟರು ಮನೆಗೆ ಬಂದರು. ನನ್ನ ಮಗನ ವಯಸ್ಸಿನವರು, ಒಳ್ಳೆಯ ಮನುಷ್ಯ.

“ಅವ್ವಾರ, ಇದೂ ಒಂದು ನಮೂನಿ ಅಹಂಕಾರ್ರಿ. ಕ್ಷಮಾ ಮಾಡಾಂವ ದೇವರು.”

“ಮಾಡ್ಲಿರಿ, ನಾ ಬ್ಯಾಡ ಅಂದಿಲ್ಲ. ಆದ್ರ ನಾ ಹೊರಗ ಹಾಕಿದ್ದು ದೇವರ ಮನಿ ಮಾತಲ್ಲ, ಆಕಿ ಮನಿ ಮಾತು. ಮೊದಲ ಹೋಗಿ ರಾಜಿ ಆಗಿ ಬಾ ಅಂತ ನೀವೇ ಪ್ರಸಂಗ ಮಾಡ್ತೀರಿ. ಆಕಿ ಹೂಂ ಅನ್ನೋತನಕಾ ನಾ ರೊಟ್ಟಿ ಮುಟ್ಟಂಗಿಲ್ಲ.”

ಪಾಸ್ಟರು ಚಹಾ ಕುಡಿದು ಎದ್ದರು.

ನಾನು ಸುಮ್ಮನೆ ಕೂತಿರಲಿಲ್ಲ. ಪ್ರತಿ ತಿಂಗಳೂ ಆ ಭಾನುವಾರದ ಹಿಂದಿನ ದಿನ ಮಗರಪಟ್ಟಾದ ಹಿಂದಿರುವ ನನ್ನ ಮನೆಯಿಂದ ಎರಡು ಬಸ್ಸು ಬದಲಿಸಿ ವಾಕಡಕ್ಕೆ ಹೋಗುತ್ತಿದ್ದೆ. ಅವಳ ಸೊಸೈಟಿಯ ಗೇಟಿನಲ್ಲಿ ವಯಸ್ಸಾದ ವಾಚ್‌ಮನ್ ರಿಜಿಸ್ಟರ್ ಮುಂದಿಟ್ಟು, “ಕಾಯ್ ಕಾಮ್ ಆಹೆ?” ಎಂದು ಕೇಳುತ್ತಿದ್ದ. ಕೆಲಸದ ಕಾಲಮ್ಮಿನಲ್ಲಿ ಪ್ರತಿ ಸಲವೂ ‘ಮಾಫಿ’ ಎಂದು ಬರೆಯುತ್ತಿದ್ದೆ. ಅವನು ಇಂಟರ್‌ಕಾಮಿನಲ್ಲಿ ಮಾತಾಡಿ, “ನಾಹೀ ಮ್ಹಣತಾತ, ಮಾವಶಿ” ಎನ್ನುತ್ತಿದ್ದ. ಬೇಡವಂತೆ. ಮರಳಿ ಬರುತ್ತಿದ್ದೆ. ಮಳೆಗಾಲದಲ್ಲೊಮ್ಮೆ ತೊಯ್ದು ನಿಂತಾಗ ಅವನೇ ನನ್ನ ಪರವಾಗಿ ಮಾಫಿ ಎಂದು ಬರೆದುಕೊಂಡು, “ಏವಢೀ ಮೋಠೀ ಚೂಕ್?” ಎಂದ, ಅಷ್ಟು ದೊಡ್ಡ ತಪ್ಪಾ ಎಂದು. “ಹೋ, ಮೋಠೀಚ್” ಎಂದೆ. ಅದನ್ನು ಸಣ್ಣದು ಮಾಡಲು ಅವನಿಗೂ ಬಿಡಲಿಲ್ಲ.

ಬುಧವಾರದ ಕೂಟವನ್ನೂ ಬಿಡಲಿಲ್ಲ. ನನ್ನ ಸರದಿಗೆ “ಆಮೆನ್” ಎಂದಷ್ಟೇ ಹೇಳುತ್ತಿದ್ದೆ. ಯಾರಾದರೂ “ಕರ್ತನೇ, ಇಂಥ ಸಹೋದರಿ” ಎಂದು ಎತ್ತಿದರೆ ಕಣ್ಣು ತೆರೆದು, “ಹೆಸರು ಬ್ಯಾಡ್ರಿ” ಎನ್ನುತ್ತಿದ್ದೆ. ಪ್ರಾರ್ಥನೆಗೆ ಅಡ್ಡ ಬಾಯಿ ಹಾಕುವ ಮುದುಕಿ ಎಂದು ಹೆಸರಾಯಿತು. ಆಗಲಿ. ಹಳೆಯ ಹೆಸರಿಗಿಂತ ಇದೇ ವಾಸಿ.

ಮತ್ತೆ ಡಿಸೆಂಬರ್ ಬಂತು. ವಾಚ್‌ಮನ್ ಫೋನ್ ಕೆಳಗಿಟ್ಟು, “ಜಾ ವರ್, ಮಾವಶಿ” ಎಂದು ಮೇಲೆ ಕೈ ತೋರಿಸಿದ. ಮೇಲೆ ಹೋಗಿ ಗಂಟೆ ಒತ್ತಿದೆ. ಅವಳು ಬಾಗಿಲು ತೆರೆದಳು, ಕೈಯೆಲ್ಲ ಹಿಟ್ಟು. ಬಸ್ಸಿನಲ್ಲಿ ವರ್ಷವಿಡೀ ಕಟ್ಟಿದ್ದ ಮಾತೆಲ್ಲ ಮರೆತು “ತಪ್ಪಾತು” ಎಂದಷ್ಟೇ ಹೇಳಿದೆ.

“ಗೊತ್ತದ. ರಿಜಿಸ್ಟರ್‌ನ್ಯಾಗ ನನ್ನ ಫ್ಲ್ಯಾಟ್ ನಂಬರ್ ಮುಂದ ಮಾಫಿ ಮಾಫಿ ಅಂತ ಬರದೀಯಲ್ಲ, ಇಡೀ ಸೊಸೈಟಿ ಓದೇದ. ನಿನ್ನ ಬಾಯಿ ಕಟ್ಟಿದ್ರ ಕೈ ಬಿಚ್ತದ ನೋಡು!”

ಅದು ನನಗೆ ಹೊಳೆದೇ ಇರಲಿಲ್ಲ. ಬಾಗಿಲಲ್ಲೇ ಅಳು ಬಂತು. ಅವಳು ನನ್ನನ್ನು ಅಳಲು ಬಿಟ್ಟಳು, ಸಮಾಧಾನ ಮಾಡಲಿಲ್ಲ. ಆಮೇಲೆ ಉಂಡೆ ಮಾಡಿಟ್ಟ ಕಣಕದ ತಟ್ಟೆ ನನ್ನ ಕಡೆ ಸರಿಸಿದಳು. “ಮಗಳು ಇನ್ನೂ ಸಿಟ್ಟಾಗ್ಯಾಳ. ಆಕಿದು ಆಕಿ ಹೇಳ್ತಾಳ. ನಾ ನಂದಷ್ಟ ಹೇಳಾಕಿ. ನಂದು ಹೂಂ” ಎಂದಳು.

ಬಹಳ ಹೊತ್ತು ಇಬ್ಬರೂ ಅಂಚು ಕಟ್ಟಿದೆವು. ಎಣ್ಣೆ ಕಾಯಲಿಟ್ಟು, ನನ್ನ ಕಡೆ ತಿರುಗದೆ, ಅವಳು ಇನ್ನೊಂದು ಮಾತು ಹೇಳಿದಳು. ಮಗಳದಲ್ಲ, ತನ್ನದೇ. ಗಂಡನಿಗೂ ಹೇಳದ ಮಾತು. ಹೇಳಿ ಮುಗಿಸಿ ನನ್ನ ಮುಖ ನೋಡಿದಳು.

“ಈ ಸಲ ದೇವರಿಗೂ ಹೇಳಬ್ಯಾಡ.”

ಮರುದಿನ ನಮ್ಮ ಸಾಲು ಎದ್ದಾಗ ನಾನೂ ಎದ್ದೆ. ಪಕ್ಕದಲ್ಲಿ ಅವಳಿರಲಿಲ್ಲ, ಇವತ್ತಿಗೂ ಚರ್ಚಿಗೆ ಬಂದಿಲ್ಲ. ಆದರೂ ಹೋಗಿ ಮಂಡಿಯೂರಿ ಎರಡೂ ಕೈ ಚಾಚಿ ರೊಟ್ಟಿ ತೆಗೆದುಕೊಂಡೆ. ಬುಧವಾರ, ನಾನು ಅವಳ ಮನೆಗೆ ಹೋಗಿ ಬಂದದ್ದು ತಿಳಿದು ಹೆಂಗಸರು ನನ್ನ ಸರದಿಗಾಗಿ ಕಾದು ಕೂತಿದ್ದರು. “ಆಮೆನ್” ಎಂದೆ. ಎರಡು ವರ್ಷವಾಯಿತು. ಅವಳು ಹೇಳಿದ ಆ ಮಾತು ದೇವರಿಗೆ ಗೊತ್ತಿದ್ದರೆ, ನನ್ನಿಂದ ತಿಳಿದದ್ದಲ್ಲ.