ಕೆಂಪು ಪರದೆಯ ಹಿಂದೆ ನಂಜುಂಡಯ್ಯನವರು

ನಮ್ಮ ಮನೆಯಲ್ಲಿ ಅನ್ನ ಬಸಿದ ಗಂಜಿಯನ್ನು ಯಾರೂ ಕುಡಿದದ್ದಿಲ್ಲ. ಅದು ಬಟ್ಟೆಗೆ ಹೋಗುತ್ತಿತ್ತು. ಉಡುವ ಬಟ್ಟೆಗಲ್ಲ, ಚಿತ್ರದೊಳಗೆ ಹೋಗುವ ಬಟ್ಟೆಗೆ. ನಮ್ಮವರು ಚಿತ್ರಕಾರರು, ಎಣ್ಣೆಬಣ್ಣದಲ್ಲಿ ಆಳೆತ್ತರದ ಮನುಷ್ಯರನ್ನು ಬರೆಯುತ್ತಿದ್ದವರು. ಪಂಚೆಯನ್ನೋ ಶಲ್ಯವನ್ನೋ ಗಂಜಿಯಲ್ಲಿ ಅದ್ದಿ, ಹಿಂಡಿ, ಹಸಿಯಾಗಿರುವಾಗಲೇ ನನ್ನ ಹೆಗಲಿಗೆ ಹೊದಿಸಿ, ಒಂದೊಂದು ನೆರಿಗೆಯನ್ನೂ ಬೆರಳ ತುದಿಯಿಂದ ತಿದ್ದಿ, ಅಲ್ಲಾಡಬೇಡ ಎಂದು ಹೇಳಿ ಈಸೆಲ್ ಹಿಂದೆ ಮರೆಯಾಗಿಬಿಡುತ್ತಿದ್ದರು. ಗಂಜಿ ಒಣಗುತ್ತಾ ಬಂದಂತೆ ಬಟ್ಟೆ ಕಲ್ಲಿನಲ್ಲಿ ಕಡೆದ ಹಾಗೆ ನಿಲ್ಲುತ್ತಿತ್ತು, ಒಳಗೆ ನಿಂತ ನನಗೆ ಕುತ್ತಿಗೆಯೆಲ್ಲ ನವೆ. ಬಸವನಗುಡಿಯ ಆ ಹಿಂದಿನ ವರಾಂಡದಲ್ಲಿ ನಾನು ಹೀಗೆ ದಿವಾನರಾಗಿ, ಮಂತ್ರಿಗಳಾಗಿ, ಒಮ್ಮೆ ಯಾವುದೋ ಛತ್ರ ಕಟ್ಟಿಸಿದ ದೊಡ್ಡ ಮನುಷ್ಯರಾಗಿಯೂ ನಿಂತಿದ್ದೇನೆ. ಕಾನ್ವೆಂಟಿನಲ್ಲಿ ತಲೆಯ ಮೇಲೆ ಪುಸ್ತಕವಿಟ್ಟು ನಮ್ಮನ್ನು ನೆಟ್ಟಗೆ ನಡೆಸುತ್ತಿದ್ದರಲ್ಲ, ಆ ಟ್ರೈನಿಂಗ್ ಉಪಯೋಗಕ್ಕೆ ಬಂದದ್ದು ಇಲ್ಲಿ ಮಾತ್ರ.

ನಮ್ಮವರಿಗೆ ಒಬ್ಬ ಮಾನಸಗುರುವಿದ್ದ. ಅವನನ್ನು ಮನೆಗೆ ತಂದವಳು ನಾನೇ. ಮದುವೆಯಾಗಿ ಬರುವಾಗ ನನ್ನ ಟ್ರಂಕಿನಲ್ಲಿ ಸಿಸ್ಟರ್ ಆಗ್ನೆಸ್ ಕೊಟ್ಟ, ಬೆನ್ನು ಕಿತ್ತುಹೋದ ಒಂದು ಆರ್ಟ್ ಪುಸ್ತಕವಿತ್ತು. ಇನ್ನೂರು ವರ್ಷಗಳಿಗೂ ಹಿಂದಿನ ಫ್ರೆಂಚ್ ಚಿತ್ರಕಾರನೊಬ್ಬನ ಚಿತ್ರಗಳ ಪ್ಲೇಟುಗಳು ಅದರಲ್ಲಿ ಹತ್ತಾರು ಇದ್ದವು: ಮೂವರು ಅಣ್ಣತಮ್ಮಂದಿರು ತಂದೆಯ ಕೈಯಲ್ಲಿನ ಕತ್ತಿಗಳತ್ತ ತೋಳು ಚಾಚಿ ಪ್ರತಿಜ್ಞೆ ಮಾಡುವುದು, ಪಕ್ಕದಲ್ಲಿ ಮನೆಯ ಹೆಂಗಸರು ಕುಸಿದು ಕೂತಿರುವುದು. ನಮ್ಮವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಸಂಜೆಯ ಕಾಫಿಯಾದ ಮೇಲೆ ನಾನು ಅವನ ಕಥೆಯನ್ನು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ರಾಜನ ಆರ್ಡರಿನ ಮೇಲೆ ಬರೆದು ಹೆಸರು ಮಾಡಿದವನು, ಕ್ರಾಂತಿ ಬಂದಾಗ ಅದೇ ರಾಜನ ತಲೆ ತೆಗೆಯಲು ವೋಟು ಹಾಕಿದವನು, ಕ್ರಾಂತಿಯ ನಾಯಕರು ಉರುಳಿದಾಗ ಜೈಲು ಸೇರಿದವನು, ಹೊರಗೆ ಬಂದು ಹೊಸ ಚಕ್ರವರ್ತಿಯನ್ನು ಕುದುರೆಯ ಮೇಲೆ ಕೂರಿಸಿ ಬರೆದವನು, ಚಕ್ರವರ್ತಿಯೂ ಬಿದ್ದ ಮೇಲೆ ಪರದೇಶದಲ್ಲಿ ಕಣ್ಣು ಮುಚ್ಚಿದವನು. ಇಷ್ಟನ್ನೂ ಕೇಳಿದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಆ ಮನುಷ್ಯನ ಮನಸ್ಸಿನ ಗತಿ ಏನಾಗಿತ್ತು ಎಂದು ಕೇಳುತ್ತಿದ್ದರೇನೋ. ನಮ್ಮವರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿ, "ಇಷ್ಟೆಲ್ಲಾ ಆಗ್ತಿದ್ರೂ ಅವನ ಗೆರೆ ನಡುಗಲಿಲ್ಲ ನೋಡು" ಅಂದರು. ಆಗ ನನಗದು ಬಹಳ ದೊಡ್ಡ ಮಾತಾಗಿ ಕೇಳಿಸಿತು. ಇಪ್ಪತ್ತು ಇಪ್ಪತ್ತೊಂದರ ವಯಸ್ಸು, ಗಂಡ ಹೇಳಿದ್ದೆಲ್ಲ ಪ್ರೊಫೌಂಡ್.

ಟು ಬಿ ಫೇರ್, ಅವರಿಗೂ ಅವರದೇ ರಾಜರು ಬಂದು ಹೋದರು. ಅರಮನೆಗೆ ಬರೆಯುತ್ತಿದ್ದ ಹಿರಿಯರೊಬ್ಬರ ಕೈಕೆಳಗೆ ಬಣ್ಣ ಅರೆಯುತ್ತಾ ಕಲಿತವರು ಅವರು. ಕಲಿತು ಮುಗಿಯುವ ಹೊತ್ತಿಗೆ ಅರಮನೆಗೆ ಚಿತ್ರ ಬೇಕಾಗಿರಲಿಲ್ಲ. ಆಮೇಲೆ ಮಂತ್ರಿಗಳು, ಮಂತ್ರಿಗಳಾಗಲಿದ್ದವರು, ಮಂತ್ರಿಗಳಾಗಿದ್ದವರು. ಕುರ್ಚಿ ಹೋದ ಕೂಡಲೇ ಗೋಡೆಯ ಮೇಲಿನ ಪೋರ್ಟ್ರೇಟ್ ನಮ್ಮ ವರಾಂಡಕ್ಕೆ ವಾಪಸು ಬರುತ್ತಿತ್ತು. ನಮ್ಮವರು ಕುತ್ತಿಗೆಯಿಂದ ಮೇಲಿನದನ್ನಷ್ಟೇ ತೆಗೆದು ಹೊಸಬರನ್ನು ಕೂರಿಸಿ ಕಳಿಸುತ್ತಿದ್ದರು. ಮೈ ಪರ್ಮನೆಂಟು, ತಲೆ ಟೆಂಪರರಿ ಎಂದು ಹೇಳಿ ತಾವೇ ನಗುತ್ತಿದ್ದರು. ಮೈ ನನ್ನದಲ್ಲವೇ, ನಾನೂ ನಗುತ್ತಿದ್ದೆ. ನಗುವ ವಿಷಯವೇ ಅದು, ಎಲ್ಲಿಯವರೆಗೆ ಆ ತಲೆ ನಮಗೆ ಪರಿಚಯದ್ದಲ್ಲವೋ ಅಲ್ಲಿಯವರೆಗೆ.

ಚಾಮರಾಜಪೇಟೆಯಲ್ಲಿ ಒಂದು ಸಂಘದ ಹಾಲ್ ಇದೆ. ಅದರ ವೇದಿಕೆಯ ಹಿಂದಿನ ಗೋಡೆಗೆಂದು ಅವರು ತಮ್ಮ ಜೀವನದ ಅತಿ ದೊಡ್ಡ ಚಿತ್ರ ಬರೆದರು: ಸ್ವಾತಂತ್ರ್ಯದ ಚಳವಳಿಯ ಕಾಲ, ಒಂದು ಶಾಲೆಯ ಅಂಗಳ, ಬಾವುಟದ ಮುಂದೆ ಹನ್ನೊಂದು ಜನ ತೋಳು ಚಾಚಿ ಪ್ರತಿಜ್ಞೆ ಮಾಡುತ್ತಿದ್ದಾರೆ. ಫ್ರೆಂಚಿನವನ ಋಣ ತೀರಿಸಿದ ಚಿತ್ರ ಅದು. ಗಾಂಧಿ ಬಜಾರಿನ ಹೂವಿನ ಅಂಗಡಿಯವರು, ನಮ್ಮ ಬೀದಿಯ ಪೋಸ್ಟ್‌ಮನ್, ತರಗುಪೇಟೆಯ ಬೇಳೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಇಬ್ಬರು ಗಟ್ಟಿ ಆಳುಗಳು, ಎಲ್ಲರೂ ಬಂದು ವರಾಂಡದಲ್ಲಿ ಕೈ ಎತ್ತಿ ನಿಂತು ಹೋದರು. ನಟ್ಟನಡುವೆ, ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ, ನಂಜುಂಡಯ್ಯನವರು. ಚಾಮರಾಜಪೇಟೆಯಲ್ಲಿ ಒಂದು ಪುಟ್ಟ ಪ್ರೆಸ್ ನಡೆಸುತ್ತಿದ್ದ ಅವರು ನಮ್ಮವರ ಪ್ರಾಣಸ್ನೇಹಿತರು. ಹುಡುಗನಾಗಿದ್ದಾಗ ನಿಜವಾಗಿಯೇ ಪ್ರತಿಜ್ಞೆ ಮಾಡಿ ನಿಜವಾಗಿಯೇ ಸೆರೆಮನೆ ಕಂಡು ಬಂದವರು. ಮುಖದಲ್ಲಿ ಆ ಬೆಳಕು ಇರೋದು ಇವನೊಬ್ಬನಿಗೇ ಎಂದು ನಮ್ಮವರು ಹೇಳುತ್ತಿದ್ದರು.

ತುರ್ತು ಪರಿಸ್ಥಿತಿ ಬಂತು. ನಂಜುಂಡಯ್ಯನವರು ಏನನ್ನೋ ಅಚ್ಚು ಹಾಕಿದರು, ಏನನ್ನೆಂದು ನಾನು ಓದಲೂ ಇಲ್ಲ. ಒಂದು ಬೆಳಿಗ್ಗೆ ಪೊಲೀಸರು ಬಂದು ಅವರನ್ನು ಕರೆದುಕೊಂಡು ಹೋದರು. ಪ್ರೆಸ್ಸಿನ ಅಚ್ಚುಮೊಳೆಗಳ ಜೊತೆಗೆ ಮನೆಯ ಕಪಾಟಿನ ಕಾಗದಪತ್ರ, ಮದುವೆಯದೂ ಸೇರಿ ಇದ್ದ ನಾಲ್ಕು ಫೋಟೋ, ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ಅವರ ಹೆಂಡತಿ ಗಿರಿಜಮ್ಮನ ಕಂಕುಳಲ್ಲಿ, ಮದುವೆಯಾಗಿ ಹದಿನೈದು ವರ್ಷಕ್ಕೆ ಹುಟ್ಟಿದ ಮಗು ಉಷಾ. ಅದಾಗಿ ಎರಡು ತಿಂಗಳಿಗೆ ಸಂಘದ ಸೆಕ್ರೆಟರಿ ನಮ್ಮ ಮನೆಗೆ ಬಂದರು. ಹಾಲಿಗೆ ಮಿನಿಸ್ಟರು ಬರುವವರಿದ್ದರು. ಕಾಫಿಯನ್ನು ಅರ್ಧ ಕುಡಿದಿಟ್ಟು, "ಸಾರ್, ಇಡೀ ಪಿಕ್ಚರ್ ಇಳಿಸ್ಬೇಕೋ, ಒಬ್ಬರನ್ನ ಇಳಿಸಿದ್ರೆ ಸಾಕೋ, ನೀವೇ ಹೇಳ್ಬಿಡಿ" ಎಂದರು. ನಮ್ಮವರು ನನ್ನ ಕಡೆ ನೋಡಿದರು. ನಾನು ಲೋಟ ತೆಗೆದುಕೊಂಡು ಒಳಗೆ ಹೋದೆ. ಈಗ ಹಿಂತಿರುಗಿ ನೋಡಿದರೆ, ಆವತ್ತು ನನ್ನ ಕೈಲಾಗುತ್ತಿದ್ದ ಒಂದೇ ಕೆಲಸವೆಂದರೆ ಅಲ್ಲೇ ನಿಂತಿರುವುದು. ನಿಲ್ಲುವುದರಲ್ಲಿ ಅಷ್ಟು ಪ್ರಾಕ್ಟೀಸ್ ಇದ್ದವಳು ನಾನು.

ನಂಜುಂಡಯ್ಯನವರ ಜಾಗದಲ್ಲಿ ಒಂದು ಪರದೆ ಇಳಿಬಿಡುವುದೆಂದಾಯಿತು. ಶಾಲೆಯ ಅಂಗಳದಲ್ಲಿ ಪರದೆಗೇನು ಕೆಲಸ ಎಂದು ಯಾರೂ ಕೇಳಲಿಲ್ಲ. ನನ್ನ ಕೆಂಪು ನೂಲಿನ ಸೀರೆಯನ್ನು ನಾನೇ ಗಂಜಿಯಲ್ಲಿ ಅದ್ದಿ, ನಾನೇ ಹಗ್ಗದ ಮೇಲೆ ಹರವಿದೆ. ಅವರು ನೆರಿಗೆ ತಿದ್ದಿ ಸ್ಕೆಚ್ ಮಾಡಿಕೊಂಡು, ಮೂರು ದಿನ ಹಾಲಿನ ಬಾಗಿಲು ಹಾಕಿಕೊಂಡು ಒಬ್ಬರೇ ಕೆಲಸ ಮಾಡಿದರು. ಮೂರನೆಯ ದಿನ ಮನೆಗೆ ಬಂದು, ಕೈಯ ಬಣ್ಣವನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಳ್ಳುತ್ತಾ ಹೇಳಿದರು. "ಮುಖಕ್ಕೆ ಎರಡು ಕೋಟ್ ವಾರ್ನಿಷ್ ಕೊಟ್ಟು, ಅದರ ಮೇಲೆ ಪರದೆ ಬರ್ದಿದೀನಿ. ಯಾವತ್ತು ಬೇಕಾದ್ರೂ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಒರೆಸಿದ್ರೆ ಮೇಲಿನ ಬಣ್ಣ ಬಂದ್ಬಿಡತ್ತೆ. ಅವನು ಹಿಂದೆ ಹಾಗೇ ಇದಾನೆ. ಗಿರಿಜಮ್ಮನಿಗೆ ಹೇಳು."

ನಾನು ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಏಕೆಂದರೆ ಆ ವಾರವೇ ಸುದ್ದಿ ಬಂದಿತ್ತು: ನಂಜುಂಡಯ್ಯನವರು ಜೈಲಿನಿಂದ ಆಸ್ಪತ್ರೆಗೆ ಹೋದವರು ಆಸ್ಪತ್ರೆಯಿಂದ ಜೀವಂತ ಹೊರಗೆ ಬರಲಿಲ್ಲ. ಗೋಣಿಚೀಲದಲ್ಲಿ ಹೋದ ಫೋಟೋಗಳು ತಿರುಗಿ ಬರಲಿಲ್ಲ. ಆ ಮನುಷ್ಯನ ಮುಖ ಈ ಲೋಕದಲ್ಲಿ ಉಳಿದದ್ದು ಆ ಪರದೆಯ ಹಿಂದೆ ಮಾತ್ರ.

ತುರ್ತು ಪರಿಸ್ಥಿತಿ ಮುಗಿಯಿತು. ಈಗ ಒರೆಸಿಬಿಡಿ ಅಂದೆ. ಮಳೆಗಾಲ, ಥಂಡಿ ಇದೆ ಅಂದರು. ಮಳೆ ನಿಂತಿತು, ಕಮಿಟಿಯ ಪರ್ಮಿಶನ್ ಬೇಕು ಅಂದರು. ಹೊಸ ಸರ್ಕಾರದವರ ಪೋರ್ಟ್ರೇಟುಗಳು ಬಂದವು. ಅವರು ಬಿದ್ದು ಹಳಬರೇ ಬಂದಾಗ ಅವೇ ಕ್ಯಾನ್ವಾಸುಗಳಿಗೆ ಹಳೆಯ ತಲೆಗಳು ಬಂದವು. ಗೆರೆ ನಡುಗಲಿಲ್ಲ. ಗಿರಿಜಮ್ಮ ಪ್ರತಿ ವರ್ಷ ಗಂಡನ ತಿಥಿಯ ದಿನ, ಮನೆಯಲ್ಲಿ ಕರ್ಮ ಮುಗಿದ ಮೇಲೆ, ಒಂದು ಮೊಳ ಮಲ್ಲಿಗೆ ಹಿಡಿದುಕೊಂಡು ಆ ಹಾಲಿಗೆ ಹೋಗಿ ಪರದೆಯ ಕೆಳಗೆ ಇಟ್ಟು, ಒಂದಷ್ಟು ಹೊತ್ತು ಎದುರಿನ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ಎಷ್ಟೋ ಸಲ ನಾನೂ ಜೊತೆಗಿದ್ದೆ. "ಇದಾರೆ ಅಲ್ವಾ ಕಮಲಾ?" ಎಂದು ಕೇಳುವರು. ಇದಾರೆ ಗಿರಿಜಮ್ಮ, ಹಾಗೇ ಇದಾರೆ, ಎನ್ನುವೆನು. ನಮ್ಮವರು ಹೋಗಿ ಇಪ್ಪತ್ತು ವರ್ಷವಾಯಿತು. ಗಿರಿಜಮ್ಮ ಹೋದದ್ದು ಮೂರು ವರ್ಷದ ಹಿಂದೆ. ಆ ಪ್ರಶ್ನೆಗೆ ನಾನು ಅಷ್ಟೂ ವರ್ಷ ಅದೇ ಉತ್ತರ ಕೊಟ್ಟೆ.

ಈ ವರ್ಷ ಹಾಲನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಚಿತ್ರವನ್ನು ಕ್ಲೀನ್ ಮಾಡಿಕೊಡಲು ಮೇಘನಾ ಎಂಬ ಹುಡುಗಿಯನ್ನು ಕರೆಸಿದ್ದಾರೆ. ಹಳೆಯ ಚಿತ್ರಗಳ ರಿಪೇರಿಯನ್ನೇ ಓದಿ ಬಂದವಳು. ಓರೆಯಾಗಿ ಟಾರ್ಚು ಬಿಟ್ಟು ನೋಡಿದರೆ ಆ ಪರದೆಯ ಅಡಿ ಏನೋ ಇರುವ ಹಾಗಿದೆ, ಅದು ಏನು ಆಂಟಿ, ಎಂದು ಕೇಳಿಕೊಂಡು ನನ್ನ ಫ್ಲ್ಯಾಟಿಗೆ ಬಂದಳು. ಎಲ್ಲವನ್ನೂ ಹೇಳಿದೆ. ಅವಳ ಕಣ್ಣು ಅರಳಿತು. ನಾನು ಉಷಾಗೆ ಫೋನ್ ಮಾಡಿದೆ. ಐವತ್ತು ದಾಟಿದ ಹೆಣ್ಣುಮಗಳು, ಹೈಸ್ಕೂಲ್ ಟೀಚರು. ಹೇಳಿದ್ದನ್ನೆಲ್ಲ ಕೇಳಿಕೊಂಡಳು. ಆಮೇಲೆ, ಅಪ್ಪನ್ನ ನೋಡ್ಬಹುದಾ ಆಂಟಿ, ಅಂದಳು.

ಶನಿವಾರ ಬೆಳಿಗ್ಗೆ ಮೂವರೂ ಹಾಲಿನಲ್ಲಿದ್ದೆವು. ಮುಖ ಇದ್ದಿರಬೇಕಾದ ಜಾಗವನ್ನು ನಾನು ತೋರಿಸಿದೆ. ಮೇಘನಾ ಕಡ್ಡಿಗೆ ಹತ್ತಿ ಸುತ್ತಿ, ಯಾವುದೋ ದ್ರಾವಣದಲ್ಲಿ ಅದ್ದಿ, ಅಂಚೆಚೀಟಿಯಷ್ಟು ಅಗಲದಲ್ಲಿ ಮೆಲ್ಲನೆ ಉಜ್ಜತೊಡಗಿದಳು. ಹತ್ತಿ ಕೆಂಪಾಯಿತು, ಬಿಸಾಡಿದಳು. ಇನ್ನೊಂದು ಹತ್ತಿ, ಇನ್ನೊಂದು. ನನ್ನ ಸೀರೆಯ ಬಣ್ಣ ಎಂದು ನನಗನಿಸುತ್ತಿತ್ತು. ಆಮೇಲೆ ಅವಳ ಕೈ ನಿಂತಿತು. ಭೂತಗನ್ನಡಿ ತೆಗೆದುಕೊಂಡು ನೋಡಿದಳು, ಟಾರ್ಚು ಬಿಟ್ಟು ನೋಡಿದಳು, ಪಕ್ಕದಲ್ಲಿ ಇನ್ನೆರಡು ಕಡೆ ಉಜ್ಜಿ ನೋಡಿದಳು.

"ಆಂಟಿ, ಕೆಳಗೆ ವಾರ್ನಿಷ್ ಇಲ್ಲ. ಬಣ್ಣಾನೂ ಇಲ್ಲ. ಕೆರೆದು ತೆಗ್ದಿದಾರೆ."

ಬಗ್ಗಿ ನೋಡಿದೆ. ಬರಿಯ ಕ್ಯಾನ್ವಾಸ್ ಬಟ್ಟೆ, ಅದರ ನೇಯ್ಗೆಯ ಮೇಲೆ ಅಡ್ಡಡ್ಡ ಚಾಕುವಿನ ಗೀರುಗಳು. ಓರೆ ಬೆಳಕಿನಲ್ಲಿ ಕಂಡದ್ದು ಇವೇ. ಜೀವಮಾನವೆಲ್ಲ ಕುಂಚ ಆಡಿದ ಗುರುತು ಕಾಣಬಾರದು ಎಂದು ನಯಮಾಡಿ ನಯಮಾಡಿ ಬರೆದವರು ನಮ್ಮವರು. ಅವರ ಕೈ ಹೀಗೆ ಅವಸರದಲ್ಲಿ, ಹೆದರಿಕೆಯಲ್ಲಿ, ನಡುಗುತ್ತಾ ಓಡಾಡಿದ್ದನ್ನು ನಾನು ಮೊದಲ ಸಲ ಕಂಡೆ. ಯಾರಾದರೂ ವಾರ್ನಿಷಿನ ಗುಟ್ಟು ಕಂಡುಹಿಡಿದರೆ ಎಂದು ಹೆದರಿದರೋ, ಇಲ್ಲವೇ ಆ ಮುಖವನ್ನು ಎದುರಿಗಿಟ್ಟುಕೊಂಡು ಪರದೆ ಬರೆಯಲಾಗಲಿಲ್ಲವೋ, ಕೇಳಲು ಯಾರಿದ್ದಾರೆ. ಕೇಳಬೇಕಾದ ಇಷ್ಟೂ ವರ್ಷ ನಾನು ಮಳೆ, ಥಂಡಿ, ಪರ್ಮಿಶನ್ ಎಂಬ ಮಾತುಗಳನ್ನು ಜಾಣೆಯ ಹಾಗೆ ನಂಬಿಕೊಂಡು ಬಂದೆ. ನಂಬುವುದು ನನಗೂ ಅನುಕೂಲವಾಗಿತ್ತು ಎಂದು ಈಗಲಾದರೂ ಬರೆದುಬಿಡುತ್ತೇನೆ.

ಉಷಾ ಅಳಲಿಲ್ಲ. ಅಮ್ಮ ಹೋದ ಮೇಲೆ ಗೊತ್ತಾಯ್ತಲ್ಲ, ಅಷ್ಟು ಸಾಕು, ಅಂದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಆಟೋಗೆ ಕಾಯುತ್ತಾ ನಿಂತಾಗ ನನ್ನ ಕಡೆ ತಿರುಗಿ ಕೇಳಿದಳು: "ನಿಮಗೆ ನೆನಪಿರತ್ತಲ್ಲ ಆಂಟಿ. ಅಪ್ಪನ ಮುಖ ಹೇಗಿತ್ತು, ನೀವೇ ಹೇಳಿ."

ಕಣ್ಣು ಮುಚ್ಚಿದೆ. ನನಗೆ ಕಂಡದ್ದು ಚಿತ್ರ. ವಿಶಾಲವಾದ ಹಣೆ, ಹಣೆಯಿಂದ ಒಂದೇ ಗೆರೆಯಲ್ಲಿ ಇಳಿದ ನೆಟ್ಟಗಿನ ಮೂಗು, ಕಲ್ಲಿನಲ್ಲಿ ಕಡೆದಂಥ ಗದ್ದ. ನಮ್ಮವರು ಎಲ್ಲರಿಗೂ ಕೊಡುತ್ತಿದ್ದ ಮುಖ ಅದು. ಪೋಸ್ಟ್‌ಮನ್ನಿಗೂ ಅದೇ, ಮಂತ್ರಿಗೂ ಅದೇ, ಫ್ರೆಂಚಿನವನ ಮೂವರು ಅಣ್ಣತಮ್ಮಂದಿರಿಗೂ ಅದೇ. ಅದರ ಹಿಂದೆ ಎಷ್ಟು ತಡಕಾಡಿದರೂ ನಮ್ಮ ಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದ ಮನುಷ್ಯ ಸಿಗಲಿಲ್ಲ. ಆದರೆ ಉಷಾ ಕಾಯುತ್ತಿದ್ದಳು, ಅವಳ ತಾಯಿ ಕಾಯುತ್ತಿದ್ದ ಹಾಗೆಯೇ. ನಾನು ಹೇಳತೊಡಗಿದೆ. ಅಗಲ ಹಣೆ ಅಂದೆ. ನೆಟ್ಟಗಿನ ಮೂಗು ಅಂದೆ. ನೋಡಿದವರು ತಿರುಗಿ ನೋಡಬೇಕು, ಹಾಗಿದ್ದರು ನಿಮ್ಮಪ್ಪ, ಅಂದೆ. ಅವಳು ಒಂದೊಂದು ಮಾತನ್ನೂ ಪ್ರಸಾದದ ಹಾಗೆ ತೆಗೆದುಕೊಂಡಳು.

ಆಮೇಲೆ ತನ್ನ ಮೂಗನ್ನು ಬೆರಳಿನಿಂದ ಮುಟ್ಟಿಕೊಂಡು ಸಣ್ಣಗೆ ನಕ್ಕಳು. "ಅಮ್ಮಂದು ಚೂಪು ಮೂಗು. ಈ ಮೊಂಡು ಮೂಗು ಅಪ್ಪಂದೇ ಇರ್ಬೇಕು ಅಂದ್ಕೊಂಡಿದ್ದೆ ಇಷ್ಟು ದಿನ. ಅವರದೂ ಅಲ್ವಾ ಹಾಗಾದ್ರೆ."

ಆ ಕ್ಷಣ ಅವರು ಬಂದರು. ಮೊಂಡು ಮೂಗು, ಅದರ ಮೇಲೆ ನಿಲ್ಲದೆ ಜಾರುವ ಕನ್ನಡಕ, ಮಸಿಯ ಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳಿ ತಳ್ಳಿ ಮೂಗಿನ ಮೇಲೆ ಸದಾ ಕೂತಿರುತ್ತಿದ್ದ ಕಪ್ಪು ಚುಕ್ಕೆ, ಅದಕ್ಕೆ ನಮ್ಮವರು ಮಾಡುತ್ತಿದ್ದ ತಮಾಷೆ. ಇಡೀ ಮನುಷ್ಯ, ಹಾಗೇ, ನನ್ನೆದುರಿನ ಹೆಣ್ಣಿನ ಮುಖದಲ್ಲಿ ನಿಂತಿದ್ದರು. ನಾನು ಅವಳ ಕೈ ಹಿಡಿದುಕೊಂಡೆ.

"ಅಲ್ಲ ಕಣೆ ಉಷಾ, ತಪ್ಪು ಹೇಳ್ಬಿಟ್ಟೆ. ಅದು ಅವರದೇ ಮೂಗು. ನಿಂದೇ ಮೂಗು ಅವರಿಗೆ. ಈಗ ನೆನಪಾಯ್ತು."

ಆಟೋ ಬಂದು ನಿಂತಿತ್ತು. ಉಷಾ ನನ್ನ ಕೈಯನ್ನು ಮೃದುವಾಗಿ ಬಿಡಿಸಿಕೊಂಡು, ಅದನ್ನು ಒಂದು ಸಲ ತಟ್ಟಿದಳು.

"ಇರ್ಲಿ ಬಿಡಿ ಆಂಟಿ. ಅಮ್ಮನಿಗೂ ನೀವು ಯಾವಾಗ್ಲೂ ಹೀಗೇ ಸಮಾಧಾನ ಹೇಳ್ತಿದ್ರಿ."